ಸಿನೆಮಾದ ಊಟ, ಹೋಟೆಲಿನ ಬಾಲ್ಯ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಸಭೆಯನ್ನು ಸೋಮವಾರ ಮಧ್ಯಾಹ್ನ ಮೂರೂವರೆಗೆ ಇಟ್ಟುದಕ್ಕೆ ಗಿರಣಿಯ ಹಿರಿಯರು ಆಕ್ಷೇಪಿಸಿದ್ದಾರೆ. ರವಿವಾರ ಏಕಾಗಬಾರದು ಎಂಬುದು ಅವರ ಪ್ರಶ್ನೆ. ಮಹಾತ್ಮಾ ಫುಲೆಯವರ ಸಂಗಡಿಗರಾದ ನಾರಾಯಣ ಮೇಘಾಜಿ ಲೋಖಂಡೆಯವರು ಹೋರಾಡಿ 1890ರಲ್ಲಿ ಗಿರಣಿಯವರಿಗೆ ರವಿವಾರದ ರಜೆ ದೊರಕಿಸಿಕೊಟ್ಟರು. ಸರಿಯೇ. ಆದರೆ ಆ ರವಿವಾರ ಊರೆಲ್ಲ ಹೊರಟು ಬಂದು ತಿನ್ನುವುದು ನಮ್ಮ ಹೋಟೆಲುಗಳಲ್ಲಿ. ಊಟದ ಗಿರಾಕಿ ಎದ್ದು ಹೋಗಿ, ಸಂಜೆಯ ತಿಂಡಿಗೆ ಎಣ್ಣೆ ಕಾಯುವುದರೊಳಗೆ ಸಿಗುವ ಒಂದೂವರೆ ತಾಸು, ಅದೇ ನಮ್ಮ ರವಿವಾರ. ಹಿರಿಯರು ಮನ್ನಿಸಬೇಕು.

ಇಂದು ನಾವು ಮಾತನಾಡಹೊರಟಿರುವುದು ಪಗಾರ, ಭತ್ತೆ, ಪ್ರಾವಿಡೆಂಟ್ ಫಂಡುಗಳ ವಿಷಯವಲ್ಲ. ಹೋದ ತಿಂಗಳು ಇದೇ ಕೊಠಡಿಯಲ್ಲಿ ಬಿಳಿ ಬಟ್ಟೆ ಕಟ್ಟಿ ನಾವೆಲ್ಲ ಒಂದು ಇಂಗ್ಲಿಷ್ ಚಿತ್ರ ನೋಡಿದೆವಷ್ಟೆ. ಅದರ ಹೆಸರು ‘ಟೋಸ್ಟ್’. ಸದಸ್ಯರೊಬ್ಬರ ಕಾಲೇಜು ಓದುವ ಮಗಳು ಪಕ್ಕದಲ್ಲಿ ನಿಂತು ಮಾತುಗಳನ್ನು ಕನ್ನಡದಲ್ಲಿ ಹೇಳಿದಳು. ಅಂದಿನಿಂದ ಹೋಟೆಲು ಹೋಟೆಲಿಗೂ ಅದೇ ಚರ್ಚೆ. ಒಬ್ಬ ಭಟ್ಟರಂತೂ, ‘ಒಂದು ಬ್ರೆಡ್ಡು ಸುಟ್ಟದ್ದಕ್ಕೆ ಒಂದೂವರೆ ತಾಸಿನ ಸಿನೆಮಾವೇ?’ ಎಂದು ಕೇಳಿದರು. ಅವರಿಗೆ ಉತ್ತರ ಕೊಡಬೇಕೆಂದೇ ಈ ಭಾಷಣ.

ಚಿತ್ರ ನೋಡದಿದ್ದವರಿಗಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇವೆ. ಇಂಗ್ಲೆಂಡಿನಲ್ಲಿ ನೈಜೆಲ್ ಸ್ಲೇಟರ್ ಎಂಬ ಅಡಿಗೆಯ ಲೇಖಕರಿದ್ದಾರೆ. ಅವರು 1956ರಲ್ಲಿ ವುಲ್ವರ್‌ಹ್ಯಾಂಪ್ಟನ್ ಎಂಬ ಊರಿನಲ್ಲಿ ಹುಟ್ಟಿದವರು. ತಾವು ಬೆಳೆದ ಕಥೆಯನ್ನು, ತಿಂದ ತಿಂಡಿಗಳನ್ನು ಒಂದೊಂದಾಗಿ ನೆನೆಯುತ್ತ 2003ರಲ್ಲಿ ಪುಸ್ತಕ ಮಾಡಿದರು. ಅದನ್ನೇ ಲೀ ಹಾಲ್ ಎಂಬವರು ಚಿತ್ರಕಥೆಗೆ ಇಳಿಸಿದರು, ಎಸ್. ಜೆ. ಕ್ಲಾರ್ಕ್‌ಸನ್ ಎಂಬ ಮಹಿಳೆ ನಿರ್ದೇಶಿಸಿದರು. 2010ರ ಕೊನೆಗೆ ಬಿಬಿಸಿಯವರು ತೋರಿಸಿದರು.

ಹುಡುಗನ ತಾಯಿಗೆ ಅಡಿಗೆ ಬಾರದು. ಡಬ್ಬಿಯಲ್ಲಿ ಬರುವ ಆಹಾರವನ್ನು ಡಬ್ಬಿ ಸಮೇತ ನೀರಿನಲ್ಲಿ ಕುದಿಸುತ್ತಾಳೆ. ಅದೂ ಕೆಟ್ಟುಹೋದರೆ ಬ್ರೆಡ್ಡು ಸುಟ್ಟು ಬೆಣ್ಣೆ ಹಚ್ಚಿ ಕೊಡುತ್ತಾಳೆ. ಹುಡುಗನಿಗೆ ಅದೇ ಅಮೃತ. ಅವನಿಗೆ ಒಂಬತ್ತು ವರ್ಷವಾದಾಗ ಉಬ್ಬಸದಿಂದ ಆಕೆ ತೀರಿಕೊಳ್ಳುತ್ತಾಳೆ. ತಂದೆಗೂ ಮಗನಿಗೂ ಮಾತು ನಿಲ್ಲುತ್ತದೆ. ಅಷ್ಟರಲ್ಲಿ ಮನೆ ಗುಡಿಸಿ ಒರಸಲು ಮಿಸೆಸ್ ಪಾಟರ್ ಎಂಬ ಹೆಂಗಸು ಬರುತ್ತಾಳೆ. ಆಕೆಯ ಕೈಯಲ್ಲಿ ಅನ್ನಪೂರ್ಣೆ ಇದ್ದಾಳೆ. ತಂದೆ ಅವಳ ಅಡಿಗೆಗೆ ಸೋಲುತ್ತಾನೆ, ಅವಳಿಗೂ ಸೋಲುತ್ತಾನೆ. ಆಮೇಲೆ ತಂದೆಯ ಪ್ರೀತಿಯನ್ನು ಮರಳಿ ಗೆಲ್ಲಲು ಹುಡುಗ ಶಾಲೆಯಲ್ಲಿ ಅಡಿಗೆ ಕಲಿತು, ಅವಳೊಂದಿಗೆ ಅಡಿಗೆಮನೆಯ ಯುದ್ಧಕ್ಕೆ ನಿಲ್ಲುತ್ತಾನೆ. ಅವಳು ಮಾಡುವ ನಿಂಬೆಯ ಸಿಹಿ ಕಡುಬೊಂದಿದೆ. ಮೇಲೆ ಮೊಟ್ಟೆಯ ಬಿಳಿಯ ನೊರೆ ಮೋಡದಂತೆ ನಿಲ್ಲುತ್ತದೆ. ಅದರ ಗುಟ್ಟನ್ನು ಅವಳು ಬಿಟ್ಟುಕೊಡುವುದಿಲ್ಲ. ಹುಡುಗ ಕದ್ದು ನೋಡಿ ಕಲಿಯುತ್ತಾನೆ.

ಇಲ್ಲಿ ನಮ್ಮ ಕೊಠಡಿಯಲ್ಲಿ ನಗೆ ಎದ್ದಿತು. ಏಕೆಂಬುದು ಎಲ್ಲರಿಗೂ ಗೊತ್ತು. ದೊಡ್ಡ ಭಟ್ಟರು ಸಾಂಬಾರಿನ ಮಸಾಲೆ ಕೂಡಿಸುವಾಗ ಹುಡುಗನನ್ನು ಎಣ್ಣೆ ತರಲು ಓಡಿಸುವುದು ಇಂದಿಗೂ ಉಂಟು. ಹಿಟ್ಟಿಗೆ ಮೆಂತ್ಯ ಎಷ್ಟು, ಅವಲಕ್ಕಿ ಎಷ್ಟು ಎಂದು ಬಾಯಿ ಬಿಟ್ಟು ಹೇಳಿದ ಭಟ್ಟರು ಬಹಳ ಕಡಿಮೆ. ನೆನೆಹಾಕಿದ ಪಾತ್ರೆಯ ಅಡಿಯಲ್ಲಿ ಉಳಿದ ಕಾಳು ಎಣಿಸಿ ನಾವು ಕಲಿತೆವು. ವಿದ್ಯೆಯೊಂದೇ ಕಾರ್ಮಿಕನ ಆಸ್ತಿಯಾದಾಗ ಅವನು ಅದನ್ನು ಬಚ್ಚಿಡುತ್ತಾನೆ. ಮಿಸೆಸ್ ಪಾಟರಳೂ ಬಚ್ಚಿಟ್ಟಳು. ಇದರಲ್ಲಿ ಅವಳ ತಪ್ಪೇನು?

ಬಂಧುಗಳೇ, ಆ ಚಿತ್ರದಲ್ಲಿ ನಮಗೆ ಸರಿಬೀಳದ ಸಂಗತಿ ಇದೇ. ಆ ಹೆಂಗಸು ಕೂಲಿಯವಳು. ಪರರ ಮನೆಯ ನೆಲ ಒರಸಿ ಬಂದವಳು. ಸಿಗರೇಟು ಸೇದುತ್ತಾಳೆ, ಒರಟು ಮಾತಾಡುತ್ತಾಳೆ, ಉಡುಪು ಅತಿಯಾಗಿದೆ ಎಂದು ಚಿತ್ರ ಅವಳನ್ನು ನೋಡಿ ನಗುತ್ತದೆ. ಹೆಲೆನಾ ಬೊನಮ್ ಕಾರ್ಟರ್ ಎಂಬ ದೊಡ್ಡ ನಟಿ ಆ ಪಾತ್ರ ಮಾಡಿದ್ದಾರೆ; ಅಭಿನಯದಲ್ಲಿ ಕೊರತೆಯಿಲ್ಲ. ಆದರೆ ದಿನವಿಡೀ ಒಲೆಯ ಮುಂದೆ ನಿಂತವಳಿಗೆ ಒಮ್ಮೆಯಾದರೂ ಬೆನ್ನು ನೋಯಿತೇ, ಅವಳಿಗೂ ಎಳೆಯ ಪ್ರಾಯದ ಕಥೆಯೊಂದಿತ್ತೇ ಎಂದು ಚಿತ್ರ ಕೇಳುವುದಿಲ್ಲ. ಕಥೆ ಹುಡುಗನದು, ತಾಯಿಯನ್ನು ಕಳೆದುಕೊಂಡ ಮಗುವಿನ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೂ, ಬೆಳೆದು ದೊಡ್ಡವರಾಗಿ ಪುಸ್ತಕ ಬರೆದವರು ಅಡಿಗೆಯವಳ ಕಡೆಗೂ ಒಮ್ಮೆ ತಿರುಗಿ ನೋಡಬಹುದಿತ್ತು ಎಂಬುದು ನಮ್ಮ ಅಭಿಪ್ರಾಯ.

ಕೊನೆಯಲ್ಲಿ ತಂದೆಯೂ ಸಾಯುತ್ತಾನೆ. ಹುಡುಗ ಮನೆ ಬಿಟ್ಟು ಲಂಡನ್ನಿಗೆ ಬರುತ್ತಾನೆ. ಸವಾಯ್ ಎಂಬ ಭಾರಿ ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸ ಕೇಳುತ್ತಾನೆ. ಅವನಿಗೆ ಕೆಲಸ ಕೊಡುವ ಬಾಣಸಿಗನ ಪಾತ್ರದಲ್ಲಿ ನಿಜವಾದ ನೈಜೆಲ್ ಸ್ಲೇಟರರೇ ಬಂದು ನಿಂತಿದ್ದಾರೆ. ಅಲ್ಲಿಗೆ ಚಿತ್ರ ಮುಗಿಯಿತು, ದೀಪ ಹತ್ತಿತು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: ‘ಅಣ್ಣಾ, ಹೋಟೆಲಿಗೆ ಸೇರಿದ ಮೇಲೆ ಏನಾಯಿತು?’

ಆ ಪ್ರಶ್ನೆ ಅಂದಿನಿಂದ ನಮ್ಮ ಬೆನ್ನು ಬಿಟ್ಟಿಲ್ಲ. ಮನೆಯಲ್ಲಿ ಉಂಡು ಬೆಳೆದು, ಕೊನೆಗೆ ಹೋಟೆಲಿಗೆ ಬಂದವನ ಕಥೆ ಅದು. ಹೋಟೆಲಿಗೆ ಬಂದು, ಅಲ್ಲಿಯೇ ಬೆಳೆದವರ ಕಥೆ ಎಲ್ಲಿದೆ?

ನಮ್ಮ ದೇಶದಲ್ಲಿ ಅದರ ಹತ್ತಿರ ಬಂದ ಎರಡು ಚಿತ್ರಗಳನ್ನು ಹೇಳಬಹುದು. 2011ರಲ್ಲಿ ತೆರೆಕಂಡ ಅಮೋಲ್ ಗುಪ್ತೆಯವರ ‘ಸ್ಟಾನ್ಲೀ ಕಾ ಡಬ್ಬಾ’ ಹಿಂದಿಯಲ್ಲಿದೆ; ನಮ್ಮವರು ಹಲವರು ನೋಡಿದ್ದೀರಿ. ಶಾಲೆಯ ಹುಡುಗ ಸ್ಟಾನ್ಲೀ ಊಟದ ಡಬ್ಬಿ ತರುವುದಿಲ್ಲ. ಮಕ್ಕಳ ಡಬ್ಬಿಗೆ ಕೈಹಾಕಿ ತಿನ್ನುವ ಒಬ್ಬ ಮೇಷ್ಟ್ರು, ಡಬ್ಬಿ ತರದಿದ್ದರೆ ಶಾಲೆಗೇ ಬರಬೇಡ ಎಂದು ಅವನನ್ನು ಹೊರಗಟ್ಟುತ್ತಾರೆ. ಆ ಪಾತ್ರವನ್ನು ಗುಪ್ತೆಯವರೇ ಮಾಡಿದ್ದಾರೆ. ಕೊನೆಗೆ ತಿಳಿಯುವುದೇನೆಂದರೆ, ಹುಡುಗನಿಗೆ ತಂದೆತಾಯಿ ಇಲ್ಲ, ಚಿಕ್ಕಪ್ಪನ ಹೋಟೆಲಿನಲ್ಲಿ ಅವನು ಪಾತ್ರೆ ತಿಕ್ಕುತ್ತಾನೆ. ರಾತ್ರಿ ಉಳಿದ ಪದಾರ್ಥವನ್ನು ಅಡಿಗೆಯವನು ಡಬ್ಬಿಗೆ ತುಂಬಿಸಿ ಕೊಡುತ್ತಾನೆ. ಶಾಲೆಯಲ್ಲಿ ಹುಡುಗ ಅದನ್ನು ಬಿಚ್ಚಿ, ಇದನ್ನು ನಮ್ಮಮ್ಮ ಮಾಡಿದ್ದು, ಬೆಳಗ್ಗೆ ನಾಲ್ಕಕ್ಕೆ ಎದ್ದು ಮಾಡಿದ್ದು ಎಂಬಂತೆ ಬಣ್ಣಿಸುತ್ತಾನೆ. ಚಿತ್ರವನ್ನು ಶನಿವಾರದ ಮಕ್ಕಳ ಶಿಬಿರದಂತೆ ನಡೆಸಿ ತೆಗೆದರಂತೆ, ಯಾವ ಮಗುವಿನ ಪಾಠವೂ ತಪ್ಪದ ಹಾಗೆ. ಬಾಲಕಾರ್ಮಿಕರ ವಿಷಯ ತೆಗೆದುಕೊಂಡವರು ಮಕ್ಕಳನ್ನು ದುಡಿಸದೆ ಚಿತ್ರ ಮಾಡಿದರೆಂಬುದು ಮೆಚ್ಚತಕ್ಕ ಮಾತು.

ಇನ್ನೊಂದು ಮೀರಾ ನಾಯರರ ‘ಸಲಾಮ್ ಬಾಂಬೆ’, 1988ರದು. ಸರ್ಕಸ್ಸಿನವರು ಬಿಟ್ಟುಹೋದ ಕೃಷ್ಣನೆಂಬ ಹುಡುಗ ಮುಂಬಯಿಯಲ್ಲಿ ಚಹಾ ಹಂಚುವ ಕೆಲಸಕ್ಕೆ ನಿಲ್ಲುತ್ತಾನೆ. ಐನೂರು ರೂಪಾಯಿ ಕೂಡಿಸಿ ತಾಯಿಯ ಬಳಿಗೆ ಮರಳಬೇಕೆಂಬುದು ಅವನ ಆಸೆ. ಅಲ್ಲಿ ಅವನ ಹೆಸರು ಹೋಗಿ ‘ಚಾಯ್‌ಪಾವ್’ ಆಗುತ್ತದೆ. ನಮ್ಮ ಹೆಸರುಗಳೂ ಹಾಗೆಯೇ ಹೋದುವಲ್ಲವೇ? ಊರ ಕಡೆ ‘ಮಾಣಿ’, ಪುಣೆಯಲ್ಲಿ ‘ಬಾರಕ್ಯಾ’, ಈಗೀಗ ಎಲ್ಲ ಕಡೆ ‘ಛೋಟು’. ಆ ಪಾತ್ರ ಮಾಡಿದ ಶಫೀಕ್ ಸೈಯದ್ ಬೆಂಗಳೂರಿನ ಹುಡುಗ, ಮನೆಬಿಟ್ಟು ಮುಂಬಯಿಗೆ ಓಡಿಬಂದವನು. ಅವನಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂದಿತು. ಚಿತ್ರ ಕಾನ್ ಉತ್ಸವದಲ್ಲಿ ಬಹುಮಾನ ಪಡೆದು ಆಸ್ಕರಿನ ಹೊಸ್ತಿಲವರೆಗೂ ಹೋಯಿತು. ಶಫೀಕ್ ಮುಂದೆ ಬೆಂಗಳೂರಿನಲ್ಲಿ ಆಟೋರಿಕ್ಷಾ ಓಡಿಸಿ ಸಂಸಾರ ಸಾಗಿಸಿದರು. ಮೀರಾ ನಾಯರರು ಬೀದಿಮಕ್ಕಳಿಗಾಗಿ ಒಂದು ಟ್ರಸ್ಟ್ ಕಟ್ಟಿದರು. ಅದು ಇಂದಿಗೂ ಕೆಲಸ ಮಾಡುತ್ತಿದೆ. ನಾವು ಯಾರನ್ನೂ ದೂರುತ್ತಿಲ್ಲ. ಕಥೆ ಹೇಳಿದವರು ಒಂದು ಕಡೆ ಹೋಗುತ್ತಾರೆ, ಯಾರ ಕಥೆಯೋ ಅವನು ಇನ್ನೊಂದು ಕಡೆ ಹೋಗುತ್ತಾನೆ ಎಂಬುದನ್ನಷ್ಟೇ ತೋರಿಸಿದೆವು.

ಇನ್ನು ನಮ್ಮ ಪುಣೆಗೆ ಬರೋಣ. ಪುಣೆಯೇನು ಸಿನೆಮಾ ಅರಿಯದ ಊರಲ್ಲ. ಪ್ರಭಾತ್ ಕಂಪನಿ 1933ರಲ್ಲಿ ಕೊಲ್ಹಾಪುರದಿಂದ ಇಲ್ಲಿಗೆ ಬಂದಿತು. ಅದೇ ಸ್ಟುಡಿಯೋ ಜಾಗದಲ್ಲಿ 1960ರಲ್ಲಿ ಸರಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆಯಿತು. ನಮ್ಮ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು, ಗಿರೀಶ ಕಾಸರವಳ್ಳಿಯವರು ಅಲ್ಲಿ ಕಲಿತರು. ಕಲಿಯುವವರಿಗೆ ಅಲ್ಲಿಂದ ಕಲ್ಲೆಸೆದಷ್ಟು ದೂರದಲ್ಲಿಯೇ ಒಂದು ಕಥೆ ಇತ್ತು. ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿ.

ಜಗನ್ನಾಥ ಶೆಟ್ಟರ ಹೆಸರು ಕೇಳದ ಪುಣೆಕರ ಇಲ್ಲ. ಕಾರ್ಕಳದ ಕಡೆಯ ಬೈಲೂರಿನವರು. ಮೀಸೆ ಮೂಡುವ ಮೊದಲೇ ಊರು ಬಿಟ್ಟು, ಕಲ್ಯಾಣದಲ್ಲಿ ಬಂಧುಗಳ ಹೋಟೆಲಿನಲ್ಲಿ ದುಡಿದು, ಆಮೇಲೆ ಪುಣೆಗೆ ಬಂದವರು. ಐವತ್ತರ ದಶಕದ ಆರಂಭದಲ್ಲಿ ‘ಮದ್ರಾಸ್ ಹೆಲ್ತ್ ಹೋಮ್’ ಎಂದು ತೆರೆದ ಹೋಟೆಲು ಮುಂದೆ ವೈಶಾಲಿಯಾಯಿತು. ರೂಪಾಲಿಯೂ ಅವರದೇ. 2023ರ ನವೆಂಬರಿನಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡಾಗ, ಕಾಲೇಜಿನ ದಿನಗಳಲ್ಲಿ ಅಲ್ಲಿ ದೋಸೆ ತಿಂದವರು, ಎಸ್‌ಪಿಡಿಪಿ ತಿಂದವರು, ಅಲ್ಲಿಯೇ ಪ್ರೇಮಿಸಿ ಮದುವೆಯಾದವರು ಎಲ್ಲರೂ ಬರೆದರು. ಒಂದು ಊರಿನ ಮೂರು ತಲೆಮಾರಿನ ಬಾಲ್ಯ ಯೌವನಗಳು ಆ ಮೇಜುಗಳ ಮೇಲೆ ಕಳೆದುವು. ಎಲ್ಲವೂ ನಿಜ, ಎಲ್ಲವೂ ಸಂತೋಷ. ಆದರೆ ಅದು ಮೇಜಿನ ಆಚೆ ಕುಳಿತವರ ನೆನಪು. ಈಚೆ ಬಟ್ಟೆ ಹಿಡಿದು ನಿಂತವನ ಬಾಲ್ಯವೂ ಅಲ್ಲಿಯೇ, ಅದೇ ಹೊತ್ತಿಗೆ ಕಳೆಯಿತು.

ಇಂಥ ಹಿರಿಯರು ಇನ್ನೂ ಇದ್ದಾರೆ. ಕಡಂದಲೆಯ ಕೆ. ಕೃಷ್ಣರಾಯರು ಮಠದ ಅಡಿಗೆಮನೆಯಲ್ಲಿ ದುಡಿದು, ಮದರಾಸಿಗೆ ಹೋಗಿ, ವುಡ್‌ಲ್ಯಾಂಡ್ಸ್ ಕಟ್ಟಿದರು. 1962ರಲ್ಲಿ ಅವರು ತೆರೆದ ಡ್ರೈವ್-ಇನ್ 2008ರವರೆಗೆ ನಡೆಯಿತು. ಮುಂಬಯಿಯ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅವರೂ ಎಳೆಯರಿದ್ದಾಗ ಪಾತ್ರೆ ತೊಳೆದವರೇ. ಇವರ ಮೇಲೆ ಯಾರಾದರೂ ಚಿತ್ರ ತೆಗೆದರೆ ನಾವು ಮೊದಲ ಸಾಲಿನಲ್ಲಿ ಕೂತು ನೋಡುತ್ತೇವೆ. ಒಂದೇ ಒಂದು ಹೆದರಿಕೆ. ಚಿತ್ರದವರು ಪಾತ್ರೆ ತೊಳೆಯುವುದನ್ನು ಒಂದು ಹಾಡಿನಲ್ಲಿ ಮುಗಿಸಿ, ಹಾಡು ಮುಗಿಯುವಾಗ ಹುಡುಗನನ್ನು ಗಲ್ಲೆಯ ಮೇಲೆ ಕೂರಿಸಿಬಿಡುತ್ತಾರೆ. ಗಲ್ಲೆ ಒಂದೇ ಇರುವುದು. ಮೋರಿಯ ಮುಂದೆ ಕುಕ್ಕರಗಾಲಲ್ಲಿ ಕೂತವರು ಎಷ್ಟು ಜನ!

ಹಾಗಾದರೆ ನಮ್ಮ ಚಿತ್ರದಲ್ಲಿ ಏನಿರಬೇಕು? ನಾವು ಕಂಡದ್ದನ್ನೇ ಹೇಳುತ್ತೇವೆ.

2003ರಲ್ಲಿ ಕುಂದಾಪುರದ ಕಡೆಯಿಂದ ಒಂದೇ ಬಸ್ಸಿನಲ್ಲಿ ಬಂದಿಳಿದ ಮೂವರು ಹುಡುಗರು ನಾವು. ಏಳನೆಯ ಕ್ಲಾಸು ಮುಗಿದಿತ್ತು, ಹದಿಮೂರು ತುಂಬಿತ್ತು. ಒಂದು ಹೋಟೆಲಿನಲ್ಲಿ ನಿಂತೆವು, ಹೆಸರು ಬೇಡ. ಮೊದಲ ವರ್ಷ ಕಪ್ಪು ಬಸಿ ತೊಳೆಯುವುದು. ಆಮೇಲೆ ಮೇಜು ಒರಸುವುದು, ನೀರು ಇಡುವುದು. ಸಪ್ಲಾಯರ್ ಆಗುವಷ್ಟರಲ್ಲಿ ದನಿ ಒಡೆದಿತ್ತು. ರಾತ್ರಿ ಗಿರಾಕಿ ಹೋದ ಮೇಲೆ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗುವುದು. ಪಗಾರವನ್ನು ಮಾಲಕರು ವಹಿಯಲ್ಲಿ ಬರೆದಿಡುತ್ತಿದ್ದರು. ವರ್ಷದ ಕೊನೆಗೆ ಲೆಕ್ಕ ಕೇಳಿದರೆ, ಒಡೆದ ಕಪ್ಪುಗಳ ಲೆಕ್ಕ ಮೊದಲು ಬರುತ್ತಿತ್ತು.

ಹಸಿವಿನ ಮಾತನ್ನು ಹೊರಗಿನವರು ನಂಬುವುದಿಲ್ಲ. ‘ಹೋಟೆಲಿನ ಹುಡುಗರಿಗೆ ಊಟಕ್ಕೇನು ಕೊರತೆ’ ಎನ್ನುತ್ತಾರೆ. ಕಣ್ಣ ಮುಂದೆ ದಿನಕ್ಕೆ ಐನೂರು ದೋಸೆ ಹಾದುಹೋಗುವಾಗ ಬೆಳಗ್ಗೆ ಐದರಿಂದ ಹನ್ನೊಂದರವರೆಗೆ ಬಾಯಿಗೆ ಒಂದು ತುಂಡೂ ಹಾಕದಿರುವುದು ಬೇರೆ ಜಾತಿಯ ಹಸಿವು. ನಮ್ಮ ಸರದಿ ಬಂದಾಗ ನಿನ್ನೆಯ ಇಡ್ಲಿಯ ಉಪ್ಪಿಟ್ಟು. ತಿಂಗಳು ಕಳೆಯುವುದರೊಳಗೆ ತುಪ್ಪದ ಪರಿಮಳ ಕೇಳಿದರೆ ಹೊಟ್ಟೆ ತೊಳಸುತ್ತಿತ್ತು. ಬೇಕಾದದ್ದು ಮನೆಯ ಕುಚ್ಚಲಕ್ಕಿ ಗಂಜಿ, ಒಂದು ಮಿಡಿ ಉಪ್ಪಿನಕಾಯಿ. ಪುಣೆಯ ಯಾವ ಹೋಟೆಲಿನ ಬೋರ್ಡಿನಲ್ಲಿಯೂ ಅದು ಇರಲಿಲ್ಲ. ಇಂಗ್ಲೆಂಡಿನ ಆ ಹುಡುಗನಿಗೆ ಸುಟ್ಟ ಬ್ರೆಡ್ಡು ಹೇಗೋ ನಮಗೆ ಗಂಜಿ ಹಾಗೆ. ಭಟ್ಟರು ಈಗ ಒಪ್ಪಬಹುದು.

ಮೂರು ವರ್ಷ ಕಳೆದು ಮೂವರೂ ಒಮ್ಮೆಗೇ ಊರಿಗೆ ಹೋದೆವು. ತಾಯಂದಿರು ಮೀನು ತರಿಸಿದರು. ನಮ್ಮಲ್ಲೊಬ್ಬ ಉಂಡು ಏಳುವಾಗ, ಯಾರೂ ಹೇಳದೆಯೇ ಎಲ್ಲರ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿ ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯಿಂದ ನೆಲ ಒರಸಿದ. ಅಭ್ಯಾಸಬಲ. ಅವನ ತಾಯಿ ನೋಡಿ, ‘ಇದೆಲ್ಲ ಎಲ್ಲ್ ಕಲ್ತೆ ಮಗಾ?’ ಎಂದು ಕೇಳಿದವರು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಹುಡುಗ ದೊಡ್ಡವನಾದ ದಿನ ಯಾವುದೆಂದು ಸಿನೆಮಾದವರು ನಮ್ಮನ್ನು ಕೇಳಿದರೆ, ಆ ದಿನವನ್ನು ತೋರಿಸುತ್ತೇವೆ.

ಗಿರಣಿಯ ಹಿರಿಯರು, ನಮ್ಮ ಕಥೆ ಎಲ್ಲಿ ಎಂದು ಕೇಳಬಹುದು. ಸೋಲಾಪುರದ ಗಿರಣಿ ಚಾಳುಗಳಲ್ಲಿ ಕನ್ನಡ ಮಾತಾಡಿ ಬೆಳೆದವರು ನೀವು, ನಿಮ್ಮ ಬಾಲ್ಯ ಡಬ್ಬಿಯಲ್ಲಿದೆ. ಅಪ್ಪನ ಪಾಳಿಗೆ ಗೇಟಿನವರೆಗೆ ರೊಟ್ಟಿ ಹೊತ್ತವರು ಮುಂದೆ ಅದೇ ಗೇಟಿನ ಒಳಗೆ ಹೋದಿರಿ. ಮುಂಬಯಿಯಲ್ಲಿ ಗಿರಣಿಯವರಿಗೆ ಅಡಿಗೆ ಮಾಡಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು ಪ್ರೇಮಾ ಪುರವ ಎಂಬ ತಾಯಿ 1975ರಲ್ಲಿ ಒಟ್ಟುಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. 1982ರ ಮುಷ್ಕರದಲ್ಲಿ ಗಿರಣಿ ನಿಂತಾಗ ಖಾನಾವಳಿಯ ಒಲೆಯೂ ನಿಂತಿತು. ಇಲ್ಲಿ ಸ್ಟೇಷನ್ನಿನ ಹತ್ತಿರದ ರಾಜಾ ಬಹಾದ್ದೂರ್ ಗಿರಣಿಯ ಜಾಗದಲ್ಲಿ ಈಗ ಬೆಳಕಿನ ಸರ ಹಾಕಿದ ಊಟದ ಮನೆಗಳಿವೆ. ನೂಲಿನ ಧೂಳು ಕುಡಿದ ಜಾಗದಲ್ಲಿ ನಮ್ಮ ಹುಡುಗರು ತಟ್ಟೆ ಹಿಡಿದು ನಿಂತಿದ್ದಾರೆ. ಹೋಟೆಲು ಬೇರೆ, ಗಿರಣಿ ಬೇರೆ ಎಂದು ಇನ್ನು ಹೇಳುವ ಹಾಗಿಲ್ಲ.

ಇದೆಲ್ಲ ಹಳೆಯ ಕಥೆಯಾಗಿದ್ದರೆ ಸಿನೆಮಾಕ್ಕೆ ಬಿಟ್ಟು ಸುಮ್ಮನಿರಬಹುದಿತ್ತು. 1986ರ ಕಾಯಿದೆ ಬಂದಾಗ ಹೋಟೆಲು ಕೆಲಸ ನಿಷೇಧದ ಪಟ್ಟಿಯಲ್ಲಿ ಇರಲಿಲ್ಲ. ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ಇಡಕೂಡದೆಂದು ಆದುದು 2006ರ ಅಕ್ಟೋಬರ 10ರಿಂದ. ನಾವು ಮೂವರು ಅಷ್ಟರಲ್ಲಿ ಆ ವಯಸ್ಸು ದಾಟಿದ್ದೆವು. 2016ರ ತಿದ್ದುಪಡಿಯಿಂದ ಎಲ್ಲ ಉದ್ಯೋಗಗಳಿಗೂ ನಿಷೇಧ ಬಂದಿತು. ಆದರೆ ಶಾಲೆಯ ಹೊತ್ತು ಮುಗಿದ ಮೇಲೆ ಮನೆಯವರ ಉದ್ಯಮದಲ್ಲಿ ಸಹಾಯ ಮಾಡಬಹುದೆಂಬ ಒಂದು ಬಾಗಿಲನ್ನು ತೆರೆದಿಟ್ಟರು. ಆ ಬಾಗಿಲಿನಿಂದ ಎಷ್ಟು ಅಳಿಯಂದಿರು, ಎಷ್ಟು ಚಿಕ್ಕಪ್ಪನ ಮಕ್ಕಳು ಒಳಗೆ ಬಂದಿದ್ದಾರೆಂಬುದು ನಿಮಗೆ ಗೊತ್ತು. ಸ್ಟಾನ್ಲೀಯದೂ ಚಿಕ್ಕಪ್ಪನ ಹೋಟೆಲೇ ತಾನೆ? ಈಗ ಬರುವವರು ನಮ್ಮ ಕರಾವಳಿಯವರು ಕಡಿಮೆ. ಬಿಹಾರ, ಒಡಿಶಾ, ನೇಪಾಳದ ಮಕ್ಕಳು. ವಯಸ್ಸು ಕೇಳಿದರೆ ಎಲ್ಲರಿಗೂ ಹದಿನೆಂಟು. ಗಲ್ಲದ ಮೇಲೆ ಒಂದು ಕೂದಲಿಲ್ಲ.

ಅವರ ಭಾಷೆ ನಮ್ಮದಲ್ಲ, ಅವರ ಗಂಜಿ ಬೇರೆ. ಆದರೂ ಕನ್ನಡ ಸಂಘವು ಅವರ ವಿಷಯದಲ್ಲಿ ಸುಮ್ಮನಿರಬೇಕೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಇದೇ ಪುಣೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರು 1855ರಲ್ಲಿಯೇ ದುಡಿಯುವವರಿಗೆ ರಾತ್ರಿಶಾಲೆ ತೆರೆದರು. ಮುಂಬಯಿಯಲ್ಲಿ ನಮ್ಮ ಹಿರಿಯರು ಹೋಟೆಲಿನ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಹಗಲು ಬಸಿ ತೊಳೆದು ರಾತ್ರಿ ಮೆಟ್ರಿಕ್ ಪಾಸಾದವರು ವಕೀಲರೂ ಬ್ಯಾಂಕಿನವರೂ ಆದರು. ನಮ್ಮ ರಾತ್ರಿ ತರಗತಿಯಲ್ಲಿ ಈಗ ಹಿಂದಿಯಲ್ಲಿಯೂ ಕಲಿಸುವ ಏರ್ಪಾಡು ಮಾಡಿದ್ದೇವೆ. ಹತ್ತೂವರೆಗೆ ಆರಂಭ. ಹತ್ತಕ್ಕೆ ಶಟರು ಎಳೆದ ಹೋಟೆಲಿನ ಹುಡುಗ ಕೈತೊಳೆದು ಬರುವಷ್ಟು ಹೊತ್ತು ಬಿಟ್ಟಿದ್ದೇವೆ.

ಚಿತ್ರದ ವಿಷಯವಾಗಿ ಒಂದು ಕೆಲಸವಿದೆ. ಚಿತ್ರ ತೆಗೆಯಲು ನಮ್ಮಲ್ಲಿ ಹಣವಿಲ್ಲ. ಬರೆದಿಡಲು ಹಣ ಬೇಡ. ಸಂಘದ ಕೊಠಡಿಯಲ್ಲಿ ದಪ್ಪ ವಹಿಯೊಂದನ್ನು ಇಟ್ಟಿದ್ದೇವೆ, ಕೆಂಪು ರಟ್ಟಿನದು. ದಿನವೂ ಮೂರರಿಂದ ಐದರವರೆಗೆ ಅದು ಮೇಜಿನ ಮೇಲೆ ಇರುತ್ತದೆ. ಯಾವ ವಯಸ್ಸಿಗೆ ಬಂದಿರಿ, ಮೊದಲ ದಿನ ಏನು ತಿಂದಿರಿ, ಯಾವ ತಿಂಡಿಗೆ ಆಸೆಪಟ್ಟಿರಿ, ಯಾರು ಕದ್ದು ಒಂದು ತುಂಡು ಕೊಟ್ಟರು, ಇಷ್ಟು ಬರೆದರೆ ಸಾಕು. ಬರೆಯಲು ಬಾರದವರು ಹೇಳಿದರೆ ರಾತ್ರಿ ತರಗತಿಯ ಹುಡುಗರಿಬ್ಬರು ಬರೆದುಕೊಳ್ಳುತ್ತಾರೆ. ಮಾಲಕರ ಹೆಸರನ್ನು ಬರೆಯುವುದು ಬೇಡ. ಜಗಳಕ್ಕೆ ಬೇರೆ ವಹಿ ಇದೆ. ತಾಯಂದಿರೂ ಬರೆಸಬೇಕು, ಮುಖ್ಯವಾಗಿ ಮನೆಗೆಲಸಕ್ಕೆ ಹೋಗುವವರು. ಮಿಸೆಸ್ ಪಾಟರಳ ಕಡೆಯ ಕಥೆಯನ್ನು ನಿಮ್ಮ ಹೊರತು ಯಾರು ಹೇಳಬೇಕು?

ಮೊದಲ ಪುಟ ಆಗಲೇ ತುಂಬಿದೆ. ಸೋಲಾಪುರದ ಕಡೆಯ, ಎಪ್ಪತ್ತು ದಾಟಿದ ಗಿರಣಿಯ ಹಿರಿಯರೊಬ್ಬರು ಹೋದ ವಾರ ಬರೆಸಿಹೋದರು. ಒಂಬತ್ತು ವರ್ಷದವರಿದ್ದಾಗ ಅಪ್ಪನ ಡಬ್ಬಿ ಒಯ್ಯುವ ದಾರಿಯಲ್ಲಿ ಒಂದು ದಿನ ಶೇಂಗಾ ಚಟ್ನಿಯನ್ನೆಲ್ಲ ತಾವೇ ನೆಕ್ಕಿಬಿಟ್ಟರಂತೆ. ಅಪ್ಪ ಗೇಟಿನ ಬಳಿ ಡಬ್ಬಿ ಬಿಚ್ಚಿ, ಮಗನ ಬಾಯಿಯ ಸುತ್ತ ಇದ್ದ ಕೆಂಪು ನೋಡಿ, ಏನೂ ಹೇಳದೆ ಬರಿಯ ರೊಟ್ಟಿ ಮುರಿದು ತಿಂದರಂತೆ. ಎರಡನೆಯ ಪುಟ ಖಾಲಿ ಇದೆ. ಚಹಾ ಬಂದಿದೆ, ಕುಡಿದು ಹೋಗುವ ಮೊದಲು ಒಬ್ಬರಾದರೂ ಆ ಮೇಜಿನ ಹತ್ತಿರ ಕೂರಬೇಕು. ಇನ್ನೂ ಇಪ್ಪತ್ತು ಮಿನಿಟು ಇದೆ.